ನಿಂತು ಮಾಡಿಸಿದ ಟೈಮಿಂಗ್ ಬೆಲ್ಟ್

ಕೆಲಸವನ್ನು ಕೊಟ್ಟು ಬರಬಾರದು, ನಿಂತು ಮಾಡಿಸಬೇಕು ಎನ್ನುವುದು ನಮ್ಮ ಮನೆತನದ ನಂಬಿಕೆ. ಗಾರೆಯವರಿರಲಿ, ಪ್ಲಂಬರ್ ಇರಲಿ, ಹಿಟ್ಟಿನ ಗಿರಣಿಯವರಿರಲಿ, ಪಕ್ಕದಲ್ಲಿ ನಾವು ನಿಂತಿದ್ದರೆ ಮಾತ್ರ ಕೆಲಸ ನೆಟ್ಟಗಾಗುತ್ತದೆ. ನಿಂತವನಿಗೆ ಆ ಕೆಲಸ ಗೊತ್ತಿರಬೇಕೆಂದೇನೂ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ಆಗಾಗ ‘ಹೂಂ’ ಎಂದರೆ ಸಾಕು. ಬ್ಯಾಂಕಿನಿಂದ ನಿವೃತ್ತನಾದ ಮೇಲಂತೂ ನನಗೆ ಇದೇ ಪೂರ್ತಿ ಹೊತ್ತಿನ ಉದ್ಯೋಗ. ನನ್ನ ಕಣ್ಣೆದುರೇ ಹಾಕಿದ ಬಚ್ಚಲಿನ ಟೈಲ್ಸ್ ಮೇಲೆ ನೀರು ಮೋರಿಯ ಕಡೆ ಹೋಗದೆ ಬಾಗಿಲ ಕಡೆ ಬರುತ್ತದೆ, ಆ ಮಾತು ಬೇರೆ.

ಹೀಗಾಗಿ ನಮ್ಮ ಹಳೆಯ ಕಾರಿನ ಟೈಮಿಂಗ್ ಬೆಲ್ಟ್ ಬದಲಾಯಿಸುವ ಕಾಲ ಬಂದಾಗ ಕುಮಾರಸ್ವಾಮಿ ಲೇಔಟಿನ ಮುನಿರಾಜುವಿನ ಗ್ಯಾರೇಜಿಗೆ ಬೆಳಗ್ಗೆಯೇ ಹೋಗಿ ನಿಂತೆ. ಇಂಜಿನ್ನಿನ ಒಳಗೆ ಯಾವುದು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ತಾಳ ತಪ್ಪದಂತೆ ನಡೆಸುವ, ಹಲ್ಲುಗಳಿರುವ ರಬ್ಬರ್ ಪಟ್ಟಿ ಅದು. ಹೊಸದು ಕೂತಿತು, ಕಾರು ಸ್ಟಾರ್ಟೂ ಆಯಿತು. ಆದರೆ ನಿಂತಲ್ಲೇ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗತೊಡಗಿತು. ‘ಹೊಸ ಬೆಲ್ಟು ಸಾರ್, ಸ್ವಲ್ಪ ಓಡಿದ್ರೆ ಸೆಟ್ ಆಗುತ್ತೆ’ ಎಂದ ಮುನಿರಾಜು. ನಿಂತು ಮಾಡಿಸಿದ ಧೈರ್ಯದಿಂದ ನಾನೂ ಒಪ್ಪಿಕೊಂಡೆ.

ಸೆಟ್ ಆಗಲಿಲ್ಲ. ಅದರ ಫಲ ಅನುಭವಿಸಿದ್ದು ನನ್ನ ಹೆಂಡತಿ ವತ್ಸಲಾ. ಐವತ್ತು ದಾಟಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತವಳು. ಚಿಕ್ಕಲಸಂದ್ರದ ನಮ್ಮ ಮನೆಯಿಂದ ಜಯನಗರದ ಸಂಗೀತ ಪಾಠಕ್ಕೆ ಯಾರ ಹಂಗೂ ಇಲ್ಲದೆ ಹೋಗಿ ಬರುತ್ತಿದ್ದಳು. ಆ ವಾರ ಬನಶಂಕರಿ ಸಿಗ್ನಲ್ಲಿನಲ್ಲಿ ಕಾರು ನಡುಗಿ ನಡುಗಿ ಆಫ್ ಆಯಿತು. ಹಸಿರು ದೀಪ ಬಂತು, ಸ್ಟಾರ್ಟ್ ಮಾಡಿದಳು, ಮತ್ತೆ ಆಫ್. ಹಿಂದಿನವರೆಲ್ಲ ಹಾರನ್ ಒತ್ತಿ ಹಿಡಿದರು. ಬೈಕಿನವನೊಬ್ಬ ಕಿಟಕಿಯ ಪಕ್ಕಕ್ಕೇ ಬಂದು ‘ಓಡ್ಸಕ್ಕೆ ಮನೇಲಿ ಅಂಕಲ್ ಇಲ್ವಾ ಆಂಟಿ?’ ಎಂದನಂತೆ. ಮನೆಗೆ ಬಂದವಳೇ ಕೀ ಟೇಬಲ್ಲಿನ ಮೇಲಿಟ್ಟು, ‘ಇದು ನನ್ನ ಕೈಲಾಗಲ್ಲ ರೀ. ಇನ್ನು ಇದರ ಸಹವಾಸ ಬೇಡ’ ಎಂದಳು. ರೇಗಿದ್ದರೆ ಚಿಂತೆಯಿರಲಿಲ್ಲ. ಅವಳ ದನಿ ಸಣ್ಣಗಾಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಪತ್ತೇದಾರಿಕೆಗೆ ಇಳಿದೆ. ಪ್ಲಗ್ ಬದಲಾಯಿಸಿದೆ. ಪೆಟ್ರೋಲ್ ಬಂಕ್ ಬದಲಾಯಿಸಿದೆ. ಇಂಜಿನ್ನಿನ ಕೆಳಗಿನ ರಬ್ಬರ್ ಸವೆದಿರಬಹುದೆಂದು ಎದುರು ಮನೆಯವರು ಹೇಳಿದ್ದಕ್ಕೆ ಅದನ್ನೂ ಬದಲಾಯಿಸಿದೆ. ಕಾರು ಹೊಸ ರಬ್ಬರಿನ ಮೇಲೆ ಕೂತುಕೊಂಡು ನಡುಗಿತು. ಬೆಲ್ಟಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅದನ್ನು ಖುದ್ದು ನಾನೇ ನಿಂತು ಮಾಡಿಸಿದ್ದೆನಲ್ಲ! ಕೊನೆಗೆ ಬೇರೆ ದಾರಿಯಿಲ್ಲದೆ ಸ್ಪೀಕರ್ ಹಾಕಿಕೊಂಡು ಮುನಿರಾಜುವಿಗೆ ಫೋನ್ ಮಾಡಿದೆ.

‘ಬೆಲ್ಟು ಒಂದು ಹಲ್ಲು ಆಚೆ ಕೂತಿರ್ಬೇಕು ಸಾರ್’ ಎಂದ. ‘ಆವತ್ತು ನಾನು ಚಕ್ರದ ಮಾರ್ಕಿಗೆ ಬೆಲ್ಟಿನ ಮಾರ್ಕ್ ಸೇರಿಸೋ ಟೈಮಲ್ಲೇ ನೀವು ನಿಮ್ ರೋಡಿಗೆ ಕಾವೇರಿ ನೀರು ಬಂದ ಕಥೆ ತೆಗೆದ್ರಿ.’

ತೆಗೆದದ್ದು ನಿಜ. ಅದು ಟ್ಯಾಂಕರಿನವನ ಜಗಳದಿಂದ ಶುರುವಾಗಿ ಅರ್ಜಿ, ಧರಣಿ ಎಲ್ಲ ದಾಟಿ ನಮ್ಮ ಮನೆಯ ಸಂಪಿನೊಳಗೆ ನೀರು ಬಂದು ಬೀಳುವ ಕಥೆ. ನಡುವೆ ನಿಲ್ಲಿಸಿದರೆ ಕೇಳುವವರಿಗೆ ಅನ್ಯಾಯವಾಗುತ್ತದೆ. ಮುನಿರಾಜುವೂ ಸುಮ್ಮನಿರದೆ, ಬೆಲ್ಟು ಕೈಯಲ್ಲಿ ಹಿಡಿದುಕೊಂಡೇ ತನ್ನ ಬೀದಿಯ ಬೋರ್‌ವೆಲ್ ಕಥೆ ಹೇಳಿದ್ದ.

‘ಗಾಡಿ ಕಳ್ಸಿ, ಬಿಚ್ಚಿ ಸರಿ ಮಾಡ್ತೀನಿ. ಆದ್ರೆ ನೀವು ಬರ್ಬೇಡಿ ಸಾರ್. ನೀವು ಬಂದ್ರೆ ನಂಗೂ ಬಾಯಿ ನಿಲ್ಲಲ್ಲ.’

ಒಳಗಿನಿಂದ ನಗು ಕೇಳಿಸಿತು. ವತ್ಸಲಾ ಬಂದು ಕೀ ಎತ್ತಿಕೊಂಡಳು. ‘ನಾನೇ ತಗೊಂಡು ಹೋಗ್ತೀನಿ.’

‘ದಾರೀಲಿ ಆಫ್ ಆದ್ರೆ?’

‘ಮತ್ತೆ ಸ್ಟಾರ್ಟ್ ಮಾಡ್ತೀನಿ.’

ತಪ್ಪು ತನ್ನ ಕೈಯದಲ್ಲ, ನನ್ನ ಬಾಯಿಯದು ಎಂದು ತಿಳಿದದ್ದೇ ಅವಳಿಗೆ ಸಾಕಾಗಿತ್ತು. ನಡುಗುವ ಕಾರನ್ನು ನಡುಗದೆ ಓಡಿಸಿಕೊಂಡು ಹೋದಳು. ಸಂಜೆ ಅವಳು ವಾಪಸು ಬಂದು ಗೇಟಿನಲ್ಲಿ ನಿಂತದ್ದು ನನಗೆ ಕೇಳಿಸಲೇ ಇಲ್ಲ, ಇಂಜಿನ್ ಅಷ್ಟು ಮೆತ್ತಗಾಗಿತ್ತು. ‘ಒಂದೇ ಹಲ್ಲು ರೀ’ ಎಂದಳು.

‘ಪಕ್ಕದಲ್ಲೇ ನಿಂತಿದ್ಯಾ?’

‘ಇಲ್ಲಪ್ಪ, ಎದುರುಗಡೆ ಹೋಟ್ಲಲ್ಲಿ ದೋಸೆ ತಿಂತಾ ಇದ್ದೆ.’

ಮರುವಾರ ಪಾಠಕ್ಕೆ ಹೊರಟವಳು, ಎಂದೂ ಇಲ್ಲದ್ದು, ‘ನೀವೂ ಬನ್ನಿ’ ಎಂದು ಕರೆದಳು. ನನಗೆ ಹಿಗ್ಗೋ ಹಿಗ್ಗು. ಪಕ್ಕದ ಸೀಟಿನಲ್ಲಿ ಠೀವಿಯಿಂದ ಕೂತೆ. ಬನಶಂಕರಿ ಸಿಗ್ನಲ್ಲನ್ನು ಅವಳು ಸಲೀಸಾಗಿ ದಾಟಿದ ಮೇಲೆ ಇದ್ದಕ್ಕಿದ್ದಂತೆ ನೆನಪಾಯಿತು. ‘ಅಯ್ಯೋ, ಇವತ್ತು ಗೀಸರ್ ರಿಪೇರಿಯವರು ಬರ್ತಾರಲ್ಲೇ!’

‘ಗೊತ್ತು’ ಎಂದಳು, ರಸ್ತೆಯಿಂದ ಕಣ್ಣು ಕೀಳದೆ. ‘ಮಹಡಿ ಮನೆಯವರ ಹತ್ರ ಬೀಗದಕೈ ಕೊಟ್ಟು ಬಂದಿದ್ದೀನಿ.’

ಗೀಸರ್ ಈಗ ಸೊಗಸಾಗಿ ಕಾಯುತ್ತಿದೆ. ಏನಾದರೂ ಐಬು ಸಿಕ್ಕೀತೇ ಎಂದು ನಾನು ದಿನಾ ಬೆಳಗ್ಗೆ ಅದರ ಕೆಳಗೆ ನಿಂತು ನೋಡುತ್ತಿದ್ದೇನೆ.