ಮೇಷ್ಟ್ರ ದುರಂತ ನಾಟಕ

ಮೇಷ್ಟ್ರ ಗಂಟಲು ಕೈಕೊಟ್ಟದ್ದು ಸರಿಯಾಗಿ ಉಪನ್ಯಾಸದ ದಿನವೇ. ಓದುಗರ ಸಂಘದಲ್ಲಿ ವಿಷಯ ‘ದುರಂತ ನಾಟಕದ ಹುಟ್ಟು ಮತ್ತು ಸ್ವರೂಪ’. ಹೋದ ಸಲ ಅವರ ಮಾತಿಗೆ ಅರ್ಧ ಸಭೆ ಎದ್ದುಹೋಗಿತ್ತು, ಉಳಿದರ್ಧ ನಿದ್ದೆಹೋಗಿತ್ತು (ಎದ್ದುಹೋದವರೇ ವಾಸಿ, ಗೊರಕೆ ಹೊಡೆಯಲಿಲ್ಲ). ಈ ಸಲವಾದರೂ ಮಾನ ಉಳಿಸಿಕೊಳ್ಳಬೇಕೆಂದು ಎಂಟು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಿಕ್ಸಿಯ ಸದ್ದನ್ನು ಮೀರಿಸಿ ಅಭ್ಯಾಸ ಮಾಡಿದ್ದರು. ಮಿಕ್ಸಿ ಗೆದ್ದಿತು.

ಬೇರೆ ದಾರಿ ಕಾಣದೆ ಹೆಂಡತಿಗೆ ಚೀಟಿ ಬರೆದುಕೊಟ್ಟರು: ‘ನನ್ನ ಬದಲು ನೀನೇ ಹೋಗಿ ಓದು. ಒಂದಕ್ಷರವೂ ಸೇರಿಸಬೇಡ.’

“ಸೇರಿಸೋಕೆ ಜಾಗ ಎಲ್ಲಿಟ್ಟಿದ್ದೀರಿ?” ಎಂದು ಆಕೆ ಮೂವತ್ತಾರು ಪುಟಗಳ ಕಟ್ಟನ್ನು ಚೀಲಕ್ಕೆ ತುರುಕಿಕೊಂಡರು.

ಮೊದಲ ಪುಟವನ್ನು ಇದ್ದಂತೆಯೇ ಓದಿದರು. ಗ್ರೀಸಿನಲ್ಲಿ ದ್ರಾಕ್ಷಾರಸದ ದೇವರ ಮುಂದೆ ಮೇಳ ಹಾಡಿ ಕುಣಿಯುತ್ತಿತ್ತಂತೆ. ಒಬ್ಬ ಮೇಳದಿಂದ ಈಚೆ ಬಂದು ಮಾತಾಡಿದನಂತೆ. ದುರಂತ ನಾಟಕಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಮೇಕೆಯ ಹಾಡು’ ಅಂತೆ. ಹಿಂದಿನ ಸಾಲು ಆಗಲೇ ಆಕಳಿಸಿತು. ಆಕೆ ಕಟ್ಟು ಮುಚ್ಚಿದರು. ಮುಂದಿನ ಸಾಲಲ್ಲಿ, ಕತ್ತಿಗೆ ಮಫ್ಲರ್ ಸುತ್ತಿ ಕೂತಿದ್ದ ಮೇಷ್ಟ್ರು ಕುರ್ಚಿಯ ತುದಿಗೆ ಸರಿದರು.

“ಅರ್ಥ ಆಗ್ಲಿಲ್ಲ ಅಲ್ವಾ? ನಂಗೂ ಆಗಿರ್ಲಿಲ್ಲ. ಹೋದ ಭಾನುವಾರ ನಮ್ಮನೆ ನಲ್ಲಿ ಸೋರಿದಾಗ ಆಯ್ತು.”

ಮೇಷ್ಟ್ರು ಕೈಸನ್ನೆ ಮಾಡಿದರು, ಕೆಮ್ಮಿದರು. ಆಕೆ ನೋಡಲಿಲ್ಲ.

“ಈ ದುರಂತದ ನಾಯಕರು ದೊಡ್ಡ ಮನುಷ್ಯರು, ಬಲು ಒಳ್ಳೆಯವರು. ಇರೋದು ಒಂದೇ ದೋಷ, ಯಾರ ಮಾತೂ ಕೇಳಲ್ಲ. ‘ಪ್ಲಂಬರ್‌ನ ಕರಿಯೋ ಮಗನೇ’ ಅಂತ ನಮ್ಮತ್ತೆ ಮೊದಲೇ ಅಂದ್ರು. ಅದು ಭವಿಷ್ಯವಾಣಿ. ‘ಮೇಲಿನ ವಾಲ್ವ್ ಮುಚ್ಚಿದ್ರಾ?’ ಅಂತ ನಾನು ಕೇಳಿದೆ. ‘ನಂಗೆ ಹೇಳ್ಕೊಡ್ತೀಯಾ?’ ಅಂದು ಸ್ಪ್ಯಾನರ್ ತಿರುಗಿಸಿದ್ರು. ನಲ್ಲಿ ಕೈಗೇ ಬಂತು. ಅಕ್ಕಪಕ್ಕದವರೆಲ್ಲ ಕಿಟಕೀಲಿ ನಿಂತು ‘ಅಯ್ಯೋ ಪಾಪ’ ಅಂದ್ರು, ಒಬ್ಬರೂ ಒಂದು ಬಕೆಟ್ ತರ್ಲಿಲ್ಲ. ಮೇಳ ಅಂದ್ರೆ ಅದೇ.”

ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಕೆಯ ದನಿ ತಗ್ಗಿತು.

“ಕೊನೆಗೆ ಆ ನೀರಲ್ಲಿ ನೆನೆದು ನಿಂತು, ನನ್ನ ಮುಖ ನೋಡಿ, ‘ಮೊದಲು ವಾಲ್ವ್ ಮುಚ್ಚಬೇಕಿತ್ತು, ಅಲ್ವೇನೇ’ ಅಂದ್ರು. ಮದುವೆಯಾದಾಗಿಂದ ನಾನು ಕಾಯ್ತಿದ್ದ ಮಾತು ಅದು. ಕೇಳಿದ್ಮೇಲೆ ಬೈಯೋಕೆ ಬಾಯೇ ಬರ್ಲಿಲ್ಲ, ಕರುಳು ಚುರ್ ಅಂತು. ಭಯ, ಕನಿಕರ, ಮನಸ್ಸು ಹಗುರ ಅಂತ ಇವರು ಎಂಟು ದಿನ ಕೂಗಿದ್ದು ಇದನ್ನೇ ಇರಬೇಕು.”

ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಆಮೇಲೆ ಬಿತ್ತು ನೋಡಿ ಚಪ್ಪಾಳೆ, ಸೂರು ಹಾರಿಹೋಗುವ ಹಾಗೆ.

“ನಾಯಕರು ದಯವಿಟ್ಟು ಎದ್ದು ನಿಲ್ಲಬೇಕು” ಎಂದರು ಅಧ್ಯಕ್ಷರು. ಮೇಷ್ಟ್ರು ಎದ್ದರು. ಚಪ್ಪಾಳೆ ಇಮ್ಮಡಿಯಾಯಿತು. ಎಷ್ಟೆಂದರೂ ಉಪನ್ಯಾಸ ತಮ್ಮದೇ ತಾನೇ ಎಂದು ಎದೆಯುಬ್ಬಿಸಿ, ಮೂರು ದಿಕ್ಕಿಗೂ ಕೈಮುಗಿದರು. ಅಷ್ಟು ಖುಷಿ ಅವರಿಗೆ ಮಾತಾಡಿ ಎಂದೂ ಆಗಿರಲಿಲ್ಲ.

ಅಧ್ಯಕ್ಷರು ಹತ್ತಿರ ಬಂದು ಕೈ ಕುಲುಕಿದರು. “ಮುಂದಿನ ತಿಂಗಳು ‘ಹಾಸ್ಯ ನಾಟಕದ ಸ್ವರೂಪ’ ಇಟ್ಟಿದ್ದೀವಿ ಮೇಷ್ಟ್ರೇ. ಮಾತಾಡೋಕೆ ನಿಮ್ಮ ಮನೆಯವರು ಒಪ್ಪಿದ್ದಾರೆ. ತಾವು ಅಷ್ಟರಲ್ಲಿ ಮನೇಲಿ ಇನ್ನೊಂದೇನಾದ್ರೂ ರಿಪೇರಿ ಮಾಡಿಡಿ.”