ಅತ್ತೆಯ ಯೂರೋಪಿನಲ್ಲಿ ಹೋಟೆಲುಗಳಿಲ್ಲ

ನಮ್ಮ ಸೋದರತ್ತೆಯ ಪ್ರಕಾರ ಭೂಮಿಯ ಮೇಲೆ ಎರಡೇ ಬಗೆಯ ಊರುಗಳಿವೆ: ನೆಂಟರಿರುವ ಊರು ಮತ್ತು ನೆಂಟರು ಇನ್ನೂ ಪತ್ತೆಯಾಗದ ಊರು. ಪ್ಯಾರಿಸ್ಸೂ ಅಷ್ಟೇ, ಪಾಂಡವಪುರವೂ ಅಷ್ಟೇ! ಹೆಸರು ಹೇಳಿದರೆ ನನಗೆ ಪೂಜೆಯಾಗುತ್ತದೆ, ಆದ್ದರಿಂದ ಇಲ್ಲಿ ಅವರು ಬರೀ ಅತ್ತೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಅಮೆರಿಕದ ಸಮರ್‌ಸೆಟ್‌ನ ಟೌನ್‌ಹೌಸಿನಲ್ಲಿ ಒಬ್ಬರೇ ಇದ್ದಾರೆ. ಮಾವ ಹೋಗಿ ಕೆಲವು ವರ್ಷಗಳಾದವು, ಮಕ್ಕಳಿಲ್ಲ. ಒಬ್ಬರೇ ಇದ್ದಾರೆ ಎಂದೆನಲ್ಲ, ಅದು ಹೇಳುವುದಕ್ಕೆ ಮಾತ್ರ. ಅರ್ಧ ವಾರ ಪಕ್ಕದ ಊರಾದ ಕೆಂಡಲ್ ಪಾರ್ಕಿನ ನಮ್ಮ ಮನೆಯಲ್ಲಿ, ಇನ್ನರ್ಧ ವಾರ ಮತ್ತಾರದೋ ಮನೆಯಲ್ಲಿ ಅವರ ಠಿಕಾಣಿ.

ಅಮೆರಿಕಕ್ಕೆ ಬಂದು ಇಷ್ಟು ಕಾಲವಾದರೂ ಅತ್ತೆ ಲಿಬರ್ಟಿ ಪ್ರತಿಮೆಯನ್ನು ಹತ್ತಿರದಿಂದ ಕಂಡವರಲ್ಲ. ಒಮ್ಮೆ ಹೋಬೋಕನ್‌ನಲ್ಲಿ ನದಿಯ ದಂಡೆಗೆ ಕರೆದುಕೊಂಡು ಹೋಗಿ, ದೂರದಲ್ಲಿ ಬೆರಳುದ್ದ ಕಾಣುತ್ತಿದ್ದ ಆಕೆಯನ್ನು ತೋರಿಸಿದೆ.

"ಬೋಟ್‌ನಲ್ಲಿ ಹೋಗ್ಬಹುದು ಅತ್ತೆ, ಹೋಗೋಣ್ವಾ?"

"ಅಲ್ಲೀವರೆಗೂ ಹೋದ್ರೆ ಅವಳೇನು ಒಂದ್ಲೋಟ ಕಾಫಿ ಕೊಡ್ತಾಳಾ?"

ಹೀಗೆಂದವರು ಸೀದಾ ಹೋಗಿ, ಅಲ್ಲೇ ಅಪಾರ್ಟ್‌ಮೆಂಟಿನಲ್ಲಿದ್ದ ದೂರದ ಸಂಬಂಧದ ಹುಡುಗಿಯೊಬ್ಬಳ ಬಾಗಿಲು ತಟ್ಟಿದರು. ಪಾಪ, ಆಕೆ ಆಫೀಸಿನ ಮೀಟಿಂಗಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಕೊನೆಗೆ ಕಾಫಿ ಮಾಡಿದ್ದು ಅತ್ತೆಯೇ, ಅವಳ ಬಾಸ್‌ಗೆ ಕ್ಯಾಮೆರಾದಲ್ಲಿ ನಮಸ್ಕಾರ ಮಾಡಿದ್ದೂ ಅತ್ತೆಯೇ!

ಇಂಥವರ ಜೊತೆ ಯೂರೋಪ್ ಪ್ರವಾಸಕ್ಕೆ ಹೊರಟ ನನ್ನ ಬುದ್ಧಿಗೆ ಏನೆನ್ನೋಣ? ಪ್ಯಾರಿಸ್ ನೋಡಬೇಕೆಂಬುದು ನನ್ನ ಕಾಲೇಜಿನ ದಿನಗಳ ಆಸೆ. ಗಂಡನಿಗೆ ರಜೆ ಸಿಗಲಿಲ್ಲ. ಮಗಳು ಫೋನಿನಿಂದ ಕಣ್ಣೆತ್ತದೆ "ಸಾರಿ ಅಮ್ಮಾ, ಐ ಹ್ಯಾವ್ ಫೈನಲ್ಸ್" ಎಂದಳು. ಆಗ ಅತ್ತೆ ಎದ್ದು ನಿಂತರು. "ನಾನ್ ಬರ್ತೀನಿ ನಡಿ. ಆದ್ರೆ ಹೋಟ್ಲು ಗೀಟ್ಲು ಅಂದ್ರೆ ನೋಡು ಮತ್ತೆ! ಯೂರೋಪ್ ತುಂಬ ನಮ್ಮೋರೇ ಇದ್ದಾರೆ. ನಮಗೇನು ಗತಿ ಇಲ್ವಾ?"

ಅತ್ತೆಯ ದೊಡ್ಡ ಪೆಟ್ಟಿಗೆಯಲ್ಲಿ ಸೀರೆಗಳು ಒಂದು ಮೂಲೆಗಿದ್ದವು. ಉಳಿದ ಜಾಗವೆಲ್ಲ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳ ಸಾಮ್ರಾಜ್ಯ. ಲಂಡನ್ನಿನಲ್ಲಿ ನಾವು ಇಳಿದದ್ದು ಅವರ ಸೋದರಮಾವನ ಮೊಮ್ಮಗಳ ಮನೆಯಲ್ಲಿ. ಅರಮನೆ, ಗಡಿಯಾರದ ಗೋಪುರ, ಸೇತುವೆ ಎಲ್ಲವನ್ನೂ ಕಾರಿನ ಕಿಟಕಿಯಿಂದಲೇ ಮುಗಿಸಿದೆವು, ಯಾಕೆಂದರೆ ಮನೆಯಲ್ಲಿ ಉದ್ದು ನೆನೆದಿತ್ತು! ನಾವು ಹೊರಡುವ ಹೊತ್ತಿಗೆ ಆ ಮನೆಯ ಅಡುಗೆ ಕೋಣೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಎನ್ನುವುದು ಮನೆಯೊಡತಿಗೇ ಗೊತ್ತಿರಲಿಲ್ಲ. "ಆಂಟಿ, ಸಕ್ಕರೆ ಎಲ್ಲಿಟ್ರಿ?" ಎಂದು ಆಕೆ ಏರ್‌ಪೋರ್ಟಿಗೆ ಫೋನ್ ಮಾಡಿ ಕೇಳಿದಳು.

ಗ್ರಹಚಾರ ಶುರುವಾಗಿದ್ದು ಆಮೇಲೆ. ಮ್ಯೂನಿಕ್‌ನ ನೆಂಟರು "ಆ ವಾರ ನಾವು ಊರಲ್ಲೇ ಇರಲ್ಲ ಆಂಟಿ" ಎಂದರು. ಪ್ಯಾರಿಸ್ಸಿನ ಸ್ನೇಹಿತೆಯ ಮಗ "ಮನೆ ತುಂಬ ಚಿಕ್ಕದು ಆಂಟಿ, ನಿಮಗೇ ಕಷ್ಟ ಆಗತ್ತೆ" ಎಂದ. ಅತ್ತೆ ಎರಡಕ್ಕೂ "ಪರವಾಗಿಲ್ಲಪ್ಪ, ಪರವಾಗಿಲ್ಲ" ಎಂದು ನಗುತ್ತಲೇ ಫೋನಿಟ್ಟರು. ಆದರೆ ಲಂಡನ್ ಬಿಟ್ಟ ವಿಮಾನದಲ್ಲಿ ನನ್ನ ಪಕ್ಕ ಕೂತು, "ಮೊದ್ಲೆಲ್ಲ ಬರ್ಲಿಲ್ಲ ಅಂದ್ರೆ ಕೋಪ ಮಾಡ್ಕೋತಿದ್ರು ಕಣೇ. ಈಗ ಬರ್ತೀನಿ ಅಂದ್ರೇ ಭಯ ಬೀಳ್ತಾರೆ" ಎಂದರು. ಅವರ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ನನಗೆ ಸಂಕಟವಾಯಿತು. ಪ್ಯಾರಿಸ್ಸಿನಲ್ಲಿ ಗುಟ್ಟಾಗಿ ಕಾದಿರಿಸಿದ್ದ ಹೋಟೆಲಿನ ವಿಷಯವನ್ನು ನುಂಗಿಕೊಂಡೆ.

ಉಳಿದಿದ್ದು ಒಂದೇ ಮನೆ. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಊರಿನಲ್ಲಿ ಅತ್ತೆಯ ಓರಗಿತ್ತಿಯ ತಂಗಿಯ ಮಗನಿದ್ದ. ಅವನನ್ನು ಅತ್ತೆ ನೋಡಿದ್ದು ಅವನ ಉಪನಯನದಲ್ಲಿ, ಅದೂ ತಲೆ ಬೋಳಿಸಿದ್ದಾಗ. "ಬನ್ನಿ ಆಂಟಿ" ಎಂದಿದ್ದನಂತೆ. ಅಷ್ಟು ಸಾಕಾಯಿತು.

ಟ್ಯಾಕ್ಸಿ ಇಳಿದರೆ ಎದುರುಬದುರು ಎರಡು ಅಪಾರ್ಟ್‌ಮೆಂಟ್ ಕಟ್ಟಡಗಳು, ಅವಳಿ ಜವಳಿಯಂತೆ. ನಾನು ವಿಳಾಸ ನೋಡುವಷ್ಟರಲ್ಲಿ ಅತ್ತೆ ಒಂದರೊಳಗೆ ನುಗ್ಗಿ, ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಕಟ್ಟಿದ್ದ ಬಾಗಿಲಿನ ಬೆಲ್ ಒತ್ತಿಯಾಗಿತ್ತು. "ತೋರಣ ಕಾಣಲ್ವಾ? ಇನ್ನೇನು ಬೋರ್ಡ್ ಹಾಕ್ಬೇಕಾ?" ಎಂದು ನನ್ನನ್ನೇ ಗದರಿದರು. ಬಾಗಿಲು ತೆರೆದವಳು ತುಂಬು ಬಸುರಿ. ಅತ್ತೆ ಅವಳ ಗಲ್ಲ ಹಿಡಿದು, "ಎಷ್ಟು ಸೊರಗಿದ್ದೀಯಮ್ಮಾ! ಎಷ್ಟು ತಿಂಗಳು? ಊಟ ಮಾಡ್ತಿದ್ದೀಯೋ ಇಲ್ವೋ?" ಎನ್ನುತ್ತ ಒಳಗೆ ನಡೆದರು. ಆ ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ನಕ್ಕು, "ಬನ್ನಿ, ಬನ್ನಿ" ಎಂದಳು. ಸಂಜೆ ಗಂಡ ಬಂದ. "ಎಷ್ಟು ದೊಡ್ಡೋನಾಗ್ಬಿಟ್ಟೆಯೋ!" ಎಂದರು ಅತ್ತೆ. ಆ ಮಾತನ್ನು ಯಾರು ತಾನೇ ಅಲ್ಲಗಳೆಯಲು ಸಾಧ್ಯ? ಅವನೂ ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ.

ಆ ಹುಡುಗಿಯ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಹೆರಿಗೆ ಹತ್ತಿರ ಬಂದಿತ್ತು, ಮನೆಯಲ್ಲಿ ಹಿರಿಯರು ಯಾರೂ ಇಲ್ಲ. ಅತ್ತೆಗೆ ಇದಕ್ಕಿಂತ ದೊಡ್ಡ ಪ್ರವಾಸಿ ತಾಣ ಬೇಕೇ? ಬೆಳಿಗ್ಗೆ ಮೆಂತ್ಯದ ದೋಸೆ, ಮಧ್ಯಾಹ್ನ ಬಿಸಿ ಸಾರು, ಸಂಜೆ ಬೆನ್ನಿಗೆ ಎಣ್ಣೆ. ನಾನು ಟುಲಿಪ್ ತೋಟ ನೋಡೋಣ ಎಂದರೆ, "ಹೂವು ತಾನೇ? ಬರ್ತಾ ಒಂದ್ ಕಟ್ಟು ತಗೊಂಡ್ ಬಾ" ಎಂದರು. ಹುಡುಗಿ ಒಮ್ಮೆ ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತ, "ಅಮ್ಮ ಮಾಡಿದ ಹಾಗೇ ಇದೆ" ಎಂದಳು. ಅತ್ತೆ ಆ ಇಡೀ ದಿನ ಗುನುಗುತ್ತ ಓಡಾಡಿದರು.

ಎರಡು ದಿನ ಕಳೆದ ಮೇಲೆ ಅತ್ತೆಯ ಫೋನಿಗೆ ಆ ಮನೆಯ ವೈಫೈ ಹಾಕಿಕೊಟ್ಟೆ. ಅಲ್ಲಿಯವರೆಗೆ ಅದು ಲಂಡನ್ನಿನಲ್ಲಿ ವಿಮಾನ ಹತ್ತಿದಾಗ ಹೇಗಿತ್ತೋ ಹಾಗೇ ಸ್ತಬ್ಧವಾಗಿತ್ತು. ಹಾಕಿದ್ದೇ ತಡ, ಗಂಟೆ ಬಾರಿಸತೊಡಗಿತು. ಅತ್ತೆ ಸೌಟು ಹಿಡಿದುಕೊಂಡೇ ಸ್ಪೀಕರ್ ಒತ್ತಿದರು.

"ಆಂಟಿ, ಎಲ್ಲಿದ್ದೀರಾ? ಬರ್ಲೇ ಇಲ್ವಲ್ಲ? ನಾವು ಎಷ್ಟು ಕಾದ್ವಿ!"

"ಬರದೆ ಏನೋ? ನಿಮ್ಮನೇಲೇ ನಿಂತ್ಕೊಂಡು ಹುಳಿ ಕುದಿಸ್ತಿದ್ದೀನಲ್ಲೋ!"

ನಾನು ಆಗ ವಿಳಾಸ ತೆಗೆದು ಕಟ್ಟಡದ ನಂಬರ್ ನೋಡಿದೆ. ಓರಗಿತ್ತಿಯ ತಂಗಿಯ ಮಗ ಎದುರಿನ ಕಟ್ಟಡದಲ್ಲಿದ್ದ! ಹಾಗಾದರೆ ಇವರು ಯಾರು? ಇವರಿಗೆ ನಾವು ಯಾರು? ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಇವರು ನಿನ್ನ ಕಡೆಯವರಲ್ವಾ?" ಎಂದಳು ಅವಳು.

"ನಿನ್ನ ಕಡೆಯವರು ಅಂದ್ಕೊಂಡಿದ್ದೆ ನಾನು! ಕೇಳಿದ್ರೆ ನಿಂಗೆ ಬೇಜಾರಾಗತ್ತೆ ಅಂತ ಸುಮ್ನಿದ್ದೆ" ಎಂದ ಅವನು.

ನಮ್ಮ ಜನರ ದಾಕ್ಷಿಣ್ಯಕ್ಕೆ ಎಣೆಯುಂಟೇ? ಗುರುತು ಪರಿಚಯವಿಲ್ಲದವರು ಬಂದು ಮಂಚ ಹಿಡಿದು ಮಲಗಿದರೂ "ನೀವು ಯಾರು" ಎಂದು ಕೇಳುವುದು ಅಗೌರವ! ನನಗೆ ನಗು ತಡೆಯಲಾಗಲಿಲ್ಲ. ಆದರೆ ಅತ್ತೆ ನಗಲಿಲ್ಲ. ಒಲೆ ಸಣ್ಣ ಮಾಡಿ, ಸೌಟು ಕೆಳಗಿಟ್ಟು, ಒಳಗೆ ಹೋಗಿ ಸೀರೆ ಮಡಚತೊಡಗಿದರು. "ಯಾರದೋ ಮನೆಗೆ ನುಗ್ಬಿಟ್ನಲ್ಲೇ. ಕರೆಯದೇ ಬಂದ್ನಲ್ಲೇ" ಎಂದು ಮೆಲ್ಲಗೆ ಅಂದುಕೊಳ್ಳುತ್ತಿದ್ದರು. ಇಷ್ಟು ವರ್ಷ ಯಾರ ಮನೆಯ ಬಾಗಿಲಲ್ಲೂ ಅಳುಕದ ಹೆಂಗಸು ಅವತ್ತು ತಲೆಯೆತ್ತದೆ ನಿಂತಿದ್ದನ್ನು ಕಂಡು ನಾನೂ ನಗು ಬಿಟ್ಟು ನನ್ನ ಪೆಟ್ಟಿಗೆ ಮುಚ್ಚತೊಡಗಿದೆ.

ಅವರು ಪೆಟ್ಟಿಗೆ ಎಳೆದುಕೊಂಡು ಹಜಾರಕ್ಕೆ ಬಂದಾಗ ಆ ಹುಡುಗಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಪೆಟ್ಟಿಗೆಯ ಹಿಡಿಯಿಂದ ಅತ್ತೆಯ ಕೈ ಬಿಡಿಸಿ, ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಗಂಡನ ಕಡೆ ತಿರುಗಿದಳು.

"ನೀನು ಅಂದ್ಕೊಂಡಿದ್ದು ಸರೀನೇ. ಇವರು ನನ್ನ ಕಡೆಯವರು."

ಅತ್ತೆ ಇನ್ನೊಂದು ಕೈಯಿಂದ ಅವಳ ಗಲ್ಲ ಸವರಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಯ್ಯೋ, ಹುಳಿ ತಳ ಹಿಡಿಯತ್ತೆ ಕಣೇ" ಎನ್ನುತ್ತ ಒಳಗೆ ಹೋದರು.