ಹಿಂದಿನ ಕಿಟಕಿಯ ಡಬ್ಬಿಗಳು

ಮುಂಬಯಿಯ ಭಾಂಡುಪ್‌ನ ಆ ಚಾಳಿನ ಮೂಲೆಯಲ್ಲಿ ಮರೆಪ್ಪನ ಹಿಟ್ಟಿನ ಗಿರಣಿ ಶುರುವಾಗಿ ಹದಿನೆಂಟು ವರ್ಷ. ಅದರ ಸದ್ದಿಗೆ ತಮ್ಮ ತಲೆ ಸಿಡಿಯುತ್ತಿದೆಯೆಂದು ಚಾಳಿನವರಿಗೆ ತಿಳಿದದ್ದು ಮಾತ್ರ ಕಳೆದ ತಿಂಗಳು, ಕಾರ್ಯದರ್ಶಿ ಶಶಿಕಾಂತ ಮೊಬೈಲಿನಲ್ಲಿ ಸದ್ದನ್ನು ಅಳೆದು ತೋರಿಸಿದ ಮೇಲೆ. ಸೋಮವಾರ ಬೆಳಿಗ್ಗೆ ಹನ್ನೆರಡು ಮಂದಿ ಗಿರಣಿಯ ಬಾಗಿಲಿಗೇ ತಾಡಪತ್ರಿ ಹಾಸಿ ಕೂತುಬಿಟ್ಟರು. ಅಂದೇ ನಾಲ್ಕು ಗಂಟೆಗೆ ವಾರ್ಡ್ ಆಫೀಸಿನ ಸಾಹೇಬರು ಅಳತೆಯ ಯಂತ್ರ ಹಿಡಿದು ಬರುವವರಿದ್ದರು. ಸದ್ದು ಮಿತಿಯೊಳಗಿದ್ದರೆ ಗಿರಣಿ ಉಳಿಯುತ್ತದೆ, ಮೀರಿದರೆ ಬಾಗಿಲಿಗೆ ಸೀಲು.

"ಒಂದ ಬೀಸೋ ಕಲ್ಲು ಓಡಸ್ರಿ. ಎರಡೂ ಓಡಿಸಿ ಸದ್ದು ಮಿತಿ ದಾಟಿದ್ರ ಮುಗೀತು ನೋಡ್ರಿ ನಮ್ಮ ಕತಿ" ಎಂದು ಹೆಂಡತಿ ಚನ್ನವ್ವ ಎಚ್ಚರಿಸಿದ್ದಳು.

ಮರೆಪ್ಪ ಚೌಕಿಗೆ ಓಡಿ ಒಬ್ಬ ಪೊಲೀಸನನ್ನು ಕರೆತಂದ. ಆತ ನ್ಯಾಯವಂತ. ಬಾಗಿಲೆದುರು ಸುಣ್ಣದ ಗೆರೆ ಎಳೆದು, ಧರಣಿಯವರನ್ನು ಅದರಾಚೆ ಸರಿಸಿ, ನಡುವೆ ಗಿರಾಕಿಗಳಿಗೆಂದು ಮೂರಡಿ ದಾರಿ ಬಿಡಿಸಿದ. "ಉನ್ಕಾ ಭೀ ಹಕ್ ಹೈ, ತುಮ್ಹಾರಾ ಭೀ" ಎಂದು ಇಬ್ಬರಿಗೂ ಸಮನಾಗಿ ಹಕ್ಕು ಹಂಚಿದ. ಮರೆಪ್ಪ ಕೈಮುಗಿದ. ಆದರೆ ಹನ್ನೆರಡು ನೆರೆಯವರ ಕಣ್ಣೆದುರು ಗೋದಿ ಡಬ್ಬಿ ಹೊತ್ತು ಆ ದಾರಿಯಲ್ಲಿ ಬರುವ ಧೈರ್ಯ ಯಾರಿಗಿದೆ? ಹೆಣ್ಣು ನೋಡಲು ಬಂದವರು ಎದ್ದುಹೋದ ಮನೆಯಂತೆ ಗಿರಣಿ ಬಿಕೋ ಎನ್ನುತ್ತಿತ್ತು.

ಹನ್ನೆರಡೂವರೆಗೆ ಹಿಂದಿನ ಕಿಟಕಿ ಟಕ್ಕೆಂದಿತು. ನೋಡಿದರೆ ಧರಣಿಯ ಮುಂದಾಳು ರುಕ್ಮಿಣಿಬಾಯಿ!

"ಮರೆಪ್ಪಾ, ಐದ ಕಿಲೋ ಜ್ವಾಳ ಐತಿ. ಸಂಜಿ ಐದಕ್ಕ ಬೇಕು. ನನ್ನಾಣಿ, ಯಾರ ಮುಂದೂ ಬಾಯಿ ಬಿಡಬ್ಯಾಡ."

"ಅಕ್ಕಾರ, ಈಗರ ಗಿರಣಿ ಬಂದ್ ಮಾಡ್ರಿ ಅಂತ ಒದರಾಕತ್ತಿದ್ರಿ?"

"ಅದು ನನ್ನ ಹಕ್ಕು, ಇದು ನನ್ನ ಜ್ವಾಳ. ಪಾಕೀಟ ಹಿಟ್ಟಿನಾಗ ರೊಟ್ಟಿ ಬಡದ್ರ ಹರೀತಾವಪ್ಪಾ."

ಆಕೆ ಹೋದ ಐದು ನಿಮಿಷಕ್ಕೆ ಶಶಿಕಾಂತನ ಗೋದಿ ಬಂತು. ಆಮೇಲೆ ಒಬ್ಬೊಬ್ಬರಾಗಿ ನೀರು ಕುಡಿಯುವ ನೆಪ ಹೇಳಿ ಎದ್ದು ಬಂದರು. ಮೂರು ಗಂಟೆಗೆ ಹನ್ನೆರಡು ಡಬ್ಬಿ ಸಾಲುಗಟ್ಟಿದ್ದವು. ಎಲ್ಲದರ ಮೇಲೂ ರೂಢಿಯಂತೆ ಎಣ್ಣೆಬಣ್ಣದಲ್ಲಿ ಮನೆಯವರ ಹೆಸರು. ಯಾರಿಗೂ ಹೇಳಬಾರದೆಂದು ಎಲ್ಲರದ್ದೂ ಒಂದೇ ಆಣೆ, ಎಲ್ಲರಿಗೂ ಐದಕ್ಕೇ ಬೇಕು.

"ಒಂದ ಕಲ್ಲಿನಾಗ ಮುಗಿಯಂಗಿಲ್ಲ" ಎಂದ ಮರೆಪ್ಪ. "ಮುಗೀದಿದ್ರ ಬಿಡ್ರಿ!" ಎಂದಳು ಚನ್ನವ್ವ. ಆದರೆ ಬೆಳಗಿನಿಂದ ಒಂದು ಕಾಳೂ ಕಾಣದಿದ್ದ ಆ ಬಡಪಾಯಿಗೆ ಬಂದ ಡಬ್ಬಿಗಳನ್ನು ಬಿಡಲು ಮನಸ್ಸಾಗಲಿಲ್ಲ. ಸಾಹೇಬರು ಬರುವುದರೊಳಗೆ ಮುಗಿಸಿದರಾಯಿತೆಂದು ಎರಡನೆಯ ಕಲ್ಲನ್ನೂ ಚಾಲೂ ಮಾಡಿದ.

ಸಾಹೇಬರು ಕಾಲು ಗಂಟೆ ಮೊದಲೇ ಬಂದರು. ಯಂತ್ರದ ಅಂಕಿ ಮಿತಿ ದಾಟಿ ಮೇಲೇರಿತು. ಹೊರಗೆ ಚಪ್ಪಾಳೆ ಬಿತ್ತು.

ಮರೆಪ್ಪ ಆಣೆಯನ್ನು ಗಾಳಿಗೆ ತೂರಿದ. "ಸಾಹೇಬ್ರ, ಡಬ್ಬಿ ಮ್ಯಾಲಿನ ಹೆಸರ ಓದ್ರಿ! ಇವೆಲ್ಲಾ ಧರಣಿ ಕುಂತವರವು ರೀ!"

ಸಾಹೇಬರು ತಾಳ್ಮೆಯಿಂದ ಹನ್ನೆರಡೂ ಹೆಸರು ಓದಿದರು. ಧರಣಿ ಕೂರುವುದು ಇವರ ಹಕ್ಕು, ಕಾಳು ಬೀಸಿಸುವುದೂ ಇವರ ಹಕ್ಕು, ಸದ್ದೊಂದೇ ನಿನ್ನದು ಎಂದು ಹಿಂದಿಯಲ್ಲಿ ವಿವರಿಸಿದರು. ಕಿಟಕಿಗೂ ಬಾಗಿಲಿಗೂ ಸೀಲು ಬಿತ್ತು. ಹದಿನೆಂಟು ವರ್ಷದ ಅನ್ನ ಹತ್ತು ನಿಮಿಷದಲ್ಲಿ ಅರಗಿನ ಹಿಂದೆ ಹೋಯಿತು.

ಜೈಕಾರದ ನಡುವೆ ರುಕ್ಮಿಣಿಬಾಯಿ ಮೆಲ್ಲಗೆ ಕೇಳಿದಳು, "ನನ್ನ ಡಬ್ಬಿ ಎಲ್ಲೈತಿ?"

"ಒಳಗ ಐತ್ರಿ ಅಕ್ಕಾರ."

ಜೈಕಾರ ನಿಂತಿತು. ಸುತ್ತಿಟ್ಟ ತಾಡಪತ್ರಿ ಮತ್ತೆ ಬಿಚ್ಚಿಕೊಂಡಿತು. "ಮರೆಪ್ಪಾ, ನಮ್ಮ ಹಿಟ್ಟು ಕೊಡು!" ಎಂಬ ಕೂಗು ಎದ್ದಿತು.

ಮರೆಪ್ಪ ಕೈಜೋಡಿಸಿ ಬಾಗಿಲ ಕಡೆ ನಡೆದ. ಪೊಲೀಸ ಲಾಠಿ ಅಡ್ಡ ಹಿಡಿದ. ಧಂದೆ ಬಂದ್ ಆದ ಮೇಲೆ ಮೂರಡಿ ದಾರಿ ಯಾರಿಗೆ? ಇಲ್ಲಿ ಈಗ ಧರಣಿಯವರಿಗೆ ಮಾತ್ರ ಜಾಗ, ಉಳಿದವರು ಐವತ್ತು ಹೆಜ್ಜೆ ದೂರ ಹೋಗಬೇಕೆಂದ.

"ರೀ, ನಮ್ಮ ಜ್ವಾಳದ ಡಬ್ಬಿನೂ ಒಳಗ ಉಳೀತು" ಎಂದಳು ಚನ್ನವ್ವ ಸಣ್ಣ ದನಿಯಲ್ಲಿ.

ಮರೆಪ್ಪ ಗಿರಣಿಯ ಕಡೆ ನೋಡಿದ, ಲಾಠಿಯ ಕಡೆ ನೋಡಿದ. ರುಕ್ಮಿಣಿಬಾಯಿ ತುಸು ಸರಿದು ಜಾಗ ಕೊಟ್ಟಳು. ಅವನು ತಾಡಪತ್ರಿಯ ತುದಿಗೆ ಕೂತು, ಎಲ್ಲರೊಂದಿಗೆ ಕೈಯೆತ್ತಿ ಕೂಗಿದ: "ಮರೆಪ್ಪಾ, ನಮ್ಮ ಹಿಟ್ಟು ಕೊಡು!"